ಪದಚರ್ಚೆ: ‘ಅನ್ಯಗ್ರಹಜೀವಿ’ಯನ್ನು ಪ್ರೀತಿಸಿದರೆ ‘ಬಂದನು’, ‘ಬಂದಳು’, ‘ಬಂದಿತು’ – ಯಾವುದು?

ಪ್ರಶ್ನೆ: ಭೂಮಿಯ ಮನುಷ್ಯರಿಗೂ ಬೇರೆ ಗ್ರಹದವರಿಗೂ ಪ್ರೇಮ ಹುಟ್ಟುವ ವೈಜ್ಞಾನಿಕ ಕಥೆಗಳನ್ನು ಕನ್ನಡಕ್ಕೆ ತರುವಾಗ ‘ಏಲಿಯನ್’ಗೆ ಯಾವ ಪದ ಒಗ್ಗುತ್ತದೆ? ಗಂಡೂ ಅಲ್ಲದ ಹೆಣ್ಣೂ ಅಲ್ಲದ ಪಾತ್ರಕ್ಕೆ ಯಾವ ಸರ್ವನಾಮ? ಅರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ (1969) ಕಾದಂಬರಿಯನ್ನು ಇಟ್ಟುಕೊಂಡು ಹೇಳಿದರೆ ಅನುಕೂಲ.

ಉತ್ತರ: ಪತ್ರಿಕೆಗಳಲ್ಲಿ ನೆಲೆಯೂರಿರುವುದು ‘ಅನ್ಯಗ್ರಹಜೀವಿ’. ಸುದ್ದಿಗೆ ಸರಿ, ಪ್ರೇಮಕ್ಕೆ ಒಗ್ಗದು. ತೊಡಕಿರುವುದು ‘ಅನ್ಯಗ್ರಹ’ದಲ್ಲಿ ಅಲ್ಲ, ‘ಜೀವಿ’ಯಲ್ಲಿ. ಏಕಕೋಶಜೀವಿ, ಸೂಕ್ಷ್ಮಜೀವಿ, ಪರಾವಲಂಬಿ ಜೀವಿ ಎಂದು ಶಾಲೆಯ ಪುಸ್ತಕದಲ್ಲಿ ಓದಿದವರಿಗೆ ಆ ಪದ ಕಂಡ ಕೂಡಲೇ ಸೂಕ್ಷ್ಮದರ್ಶಕ ನೆನಪಾಗುತ್ತದೆ. (‘ಬುದ್ಧಿಜೀವಿ’ ಅಪವಾದ, ಅದೂ ಈಗ ಬೈಗುಳದ ಹತ್ತಿರ ಬಂದು ನಿಂತಿದೆ.) ಕೊನೆಯ ಸ್ವರ ಬದಲಿಸಿ ‘ಜೀವ’ ಎಂದರೆ ಸಾಕು, ಮಾತು ಒಮ್ಮೆಲೇ ಹತ್ತಿರವಾಗುತ್ತದೆ. “ಪಾಪ, ಆ ಜೀವ ಎಷ್ಟು ನೊಂದಿತ್ತೋ” ಎನ್ನುವಾಗ ಕ್ರಿಯಾಪದ ನಪುಂಸಕದ್ದೇ, ಆದರೂ ಅದರಲ್ಲಿ ತಾತ್ಸಾರವಿಲ್ಲ. ವರದಿ, ಕಡತ, ಸೈನಿಕರ ಬಾಯಲ್ಲಿ ‘ಅನ್ಯಗ್ರಹಜೀವಿ’ ಇರಲಿ. ಪ್ರೀತಿಸುವವರ ಬಾಯಲ್ಲಿ ‘ಜೀವ’ ಬರಲಿ.

‘ಪರಲೋಕದವರು’ ಎಂದು ಮಾತ್ರ ಬರೆಯಬೇಡಿ, ಓದುಗರು ತಿಥಿಯೂಟಕ್ಕೆ ಎಲೆ ಹಾಕುತ್ತಾರೆ. ‘ಗಂಧರ್ವ’, ‘ಯಕ್ಷ’ ಎಂದರೆ ಕಥೆ ಪುರಾಣಕ್ಕೆ ಜಾರುತ್ತದೆ. ಎರಡು ಗ್ರಹಗಳ ನಡುವಿನದನ್ನು ‘ಅಂತರ್ಗ್ರಹ’ ಎನ್ನಬಹುದು. ‘ಅಂತಾರಾಷ್ಟ್ರೀಯ’ದ ಮಾದರಿಯಲ್ಲಿ ‘ಅಂತಾಗ್ರಹ’ ಎಂದರೆ ತಪ್ಪು: ಅಲ್ಲಿ ‘ಅಂತರ್’ನ ರೇಫದ (ರಕಾರದ) ಮುಂದೆ ‘ರಾಷ್ಟ್ರ’ದ ರೇಫ ಬಂದದ್ದರಿಂದ ಮೊದಲನೆಯದು ಲೋಪವಾಗಿ ಹಿಂದಿನ ಸ್ವರ ದೀರ್ಘವಾಯಿತು. ಗಕಾರದ ಮುಂದೆ ಆ ಕೆಲಸ ನಡೆಯದು.

ಇನ್ನು ನಿಜವಾದ ಕಗ್ಗಂಟು. ಈ ಕಾದಂಬರಿಯ ಗೆಥೆನ್ ಗ್ರಹದವರು ಸುಮಾರು 26 ದಿನದ ಚಕ್ರದಲ್ಲಿ 21–22 ದಿನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಉಳಿದ ಕೆಲವೇ ದಿನ ಯಾವುದಾದರೊಂದು ಆಗುತ್ತಾರೆ. ಲೆ ಗ್ವಿನ್ ಆ ಗ್ರಹದವರೆಲ್ಲರಿಗೂ ಇಂಗ್ಲಿಷಿನ ಪುಲ್ಲಿಂಗ ಸರ್ವನಾಮವನ್ನೇ ಬಳಸಿದರು, ಟೀಕೆ ಬಂತು. 1976ರ ಪ್ರಬಂಧದಲ್ಲಿ ಸಮರ್ಥಿಸಿಕೊಂಡು, ಮುಂದೆ ಅದಕ್ಕೇ ಟಿಪ್ಪಣಿ ಸೇರಿಸಿ ನಿಲುವು ಬದಲಿಸಿದರು. ಇಂಗ್ಲಿಷಿನಲ್ಲಿ ಸರ್ವನಾಮ ಬಿಟ್ಟು ಹೆಸರು ಹಾಕಿದರೆ ಲಿಂಗ ಮರೆಯಾಗುತ್ತದೆ. ಕನ್ನಡದಲ್ಲಿ ಆಗುವುದಿಲ್ಲ. ‘ಎಸ್ಟ್ರಾವೆನ್’ (ಗೆಥೆನ್ ಗ್ರಹದ ಮುಖ್ಯ ಪಾತ್ರ) ಎಂದರೂ ಮುಂದಿನ ‘ಬಂದನು’ ಗುಟ್ಟು ಬಿಟ್ಟುಕೊಡುತ್ತದೆ.

ಹಾಗೆಂದು ದಾರಿ ಇಲ್ಲದಿಲ್ಲ. ‘ಇಲ್ಲ’ ಸೇರಿದ ನಿಷೇಧದಲ್ಲಿ ಲಿಂಗವಿಲ್ಲ: ಬರಲಿಲ್ಲ, ಬರುವುದಿಲ್ಲ, ಬಂದಿಲ್ಲ. ‘ಬರಬೇಕು’, ‘ಬರಬಹುದು’, ‘ಬರಲಿ’ ಇವುಗಳಲ್ಲೂ ಇಲ್ಲ. ಮನಸ್ಸಿನ ವ್ಯಾಪಾರವನ್ನು ಚತುರ್ಥಿಯಲ್ಲಿ ಹೇಳಿದರೆ ಕ್ರಿಯೆ ಭಾವದ ಕಡೆ ತಿರುಗುತ್ತದೆ: ಎಸ್ಟ್ರಾವೆನ್‌ಗೆ ಚಳಿಯಾಯಿತು, ಇಷ್ಟವಾಯಿತು, ಬೇಸರ ಬಂತು. ಉಳಿದದ್ದಕ್ಕೆ ವಾಕ್ಯ ತಿರುಗಿಸಿ. ‘ಎಸ್ಟ್ರಾವೆನ್ ಒಲೆ ಹಚ್ಚಿದನು’ ಎನ್ನುವ ಬದಲು ‘ಒಲೆ ಹಚ್ಚಿದ್ದು ಎಸ್ಟ್ರಾವೆನ್’. ಇದನ್ನು ಸಾಲಾಗಿ ನಾಲ್ಕು ವಾಕ್ಯಕ್ಕಿಂತ ಹೆಚ್ಚು ಎಳೆದರೆ ಓದುಗರಿಗೆ ಕಸರತ್ತು ಕಾಣಿಸುತ್ತದೆ. ನಡುವೆ ಸಂಭಾಷಣೆ ತನ್ನಿ.

ಸಂಭಾಷಣೆ ಕನ್ನಡಕ್ಕೆ ಸಿಕ್ಕ ವರ. ‘ನಾನು ಬಂದೆ’, ‘ನೀನು ಬಂದೆ’ ಎರಡರಲ್ಲೂ ಲಿಂಗವಿಲ್ಲ. ಈ ಕಾದಂಬರಿಯ ಕೆಲವು ಅಧ್ಯಾಯಗಳು ಎಸ್ಟ್ರಾವೆನ್‌ನ ದಿನಚರಿಯೇ ಆದ್ದರಿಂದ ಅಲ್ಲಿ ಆ ಪಾತ್ರ ತನ್ನ ಬಗ್ಗೆ ಹೇಳುವ ಕಡೆ ಅನುವಾದಕರಿಗೆ ಕಷ್ಟವೇ ಇಲ್ಲ. ಜೊತೆಗೆ ‘ನೀವು’ ಎನ್ನುತ್ತಿದ್ದವರು ‘ನೀನು’ ಎನ್ನುವ ಘಳಿಗೆಯನ್ನು ಎಲ್ಲಿಡುವುದೆಂದು ಅನುವಾದಕರೇ ತೀರ್ಮಾನಿಸಬೇಕು. ಮೂಲ ಭಾಷೆಯಲ್ಲಿ ಆ ಮೆಟ್ಟಿಲೇ ಇಲ್ಲ. ಹಿಮದ ಮೇಲಿನ ಡೇರೆಯಲ್ಲಿ ಎಸ್ಟ್ರಾವೆನ್ ಮತ್ತು ಭೂಮಿಯ ದೂತ ಗೆನ್ಲಿ ಐ ಒಬ್ಬರಿಗೊಬ್ಬರು ಬಯಲಾಗುವ ರಾತ್ರಿಗಿಂತ ಮೊದಲು ಬೇಡ. ಬಲೆ ಇರುವುದು ಸಲಿಗೆಯ ಬಾಲಗಳಲ್ಲಿ. ಕಣೋ–ಕಣೇ, ಬಾರೋ–ಬಾರೇ, ಮಾರಾಯ–ಮಾರಾಯ್ತಿ, ಎಲ್ಲವೂ ಲಿಂಗ ಹೇಳುತ್ತವೆ. ಬರಿಯ ‘ಬಾ’ ಸಾಕು.

‘ಅವರು ಬಂದರು’ ಎಂಬ ಗೌರವಬಹುವಚನವೇ ಸುಲಭವಲ್ಲವೇ ಎಂದರೆ, ಸುಲಭವೇ. ಆದರೆ ಪ್ರೇಮದ ಸಂದರ್ಭದಲ್ಲಿ ‘ಅವರು’, ‘ಇವರು’ ಎಂದರೆ ಹೆಂಡತಿ ಗಂಡನ ಹೆಸರು ಹೇಳದೆ ಮಾತಾಡುವ ಧಾಟಿ ನುಸುಳುತ್ತದೆ. ಅಲ್ಲಿಗೆ ಎಸ್ಟ್ರಾವೆನ್ ಮತ್ತೆ ಗಂಡಸೇ.

ನನ್ನ ಸಲಹೆ: ಗೆನ್ಲಿ ಐ ನಿರೂಪಿಸುವ ಮೊದಲ ಭಾಗಗಳಲ್ಲಿ ‘ಅವನು’ ಎಂದೇ ಇಡಿ. ಗೆಥೆನ್ ಗ್ರಹದವರನ್ನು ಗಂಡಸರೆಂದು ಮಾತ್ರ ಕಾಣುವುದು ಆತನ ಕುರುಡು, ಕಥೆ ನಿಂತಿರುವುದೇ ಅದರ ಮೇಲೆ. ಡೇರೆಯ ರಾತ್ರಿಯ ನಂತರ ಆ ಸರ್ವನಾಮ ಸದ್ದಿಲ್ಲದೆ ಉದುರಲಿ, ಮೇಲೆ ಹೇಳಿದ ಉಪಾಯಗಳು ಅಲ್ಲಿಂದ ಶುರುವಾಗಲಿ.

ಸೇರ್ಪಡೆ, ಇನ್ನೊಬ್ಬರಿಂದ: ‘ಅದು’ ಎಂದರೆ ಅವಮಾನವೆಂದು ಮೊದಲೇ ತೀರ್ಮಾನಿಸಬೇಡಿ. ಮಗು, ಶಿಶು, ಕೂಸು ಕನ್ನಡದಲ್ಲಿ ನಿತ್ಯನಪುಂಸಕ. ಹವ್ಯಕರ ಮಾತಿನಲ್ಲಿ ಹೆಣ್ಣುಮಕ್ಕಳಿಗೂ ‘ಬಂತು’ ಎನ್ನುವುದುಂಟು. ತೆಲುಗಿನ ಏಕವಚನದಲ್ಲಿ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದ ಒಂದೇ. 13ನೆಯ ಶತಮಾನದ ವೈಯಾಕರಣ ಕೇಶಿರಾಜನಿಗೂ ಮೂರೇ ಲಿಂಗ ಸಾಲಲಿಲ್ಲ. ಹಾಗಾಗಿ ‘ಜೀವ’ ಎಂದು ಒಮ್ಮೆ ಕರೆದ ಮೇಲೆ ‘ಅದು ನಕ್ಕಿತು’ ಎಂದು ಧೈರ್ಯವಾಗಿ ಬರೆಯಬಹುದು. ‘ಜೀವಿ’ ಎಂದು ಕರೆದು ‘ಅದು ನಕ್ಕಿತು’ ಎಂದರೆ ಮಾತ್ರ ಪ್ರಾಣಿ ಹಲ್ಲು ಕಿಸಿದಂತಾಗುತ್ತದೆ.

ಇನ್ನೆರಡು ಪದ. ಆ ಗ್ರಹದ ಒಂದು ರಾಜ್ಯದ ದೊರೆ ಗರ್ಭ ಧರಿಸುವ ಪ್ರಸಂಗವಿದೆ. ‘ರಾಜ ಬಸುರಿ’ ಎಂದರೆ ನಗು ಬರುತ್ತದೆ, ‘ಬಸುರಿ’ ಹೆಣ್ಣನ್ನೇ ಹೇಳುವ ಪದವಾದ್ದರಿಂದ. ‘ಬಸಿರು’ ಬಳಸಿ, ‘ಅರಸ’, ‘ಅರಸಿ’ ಬಿಟ್ಟು ‘ಅರಸು’ ಹಿಡಿಯಿರಿ. ‘ಅರಸು ಬಸಿರಾಗಿದೆ’ ಎಂದರೆ ವಿಚಿತ್ರವೂ ಉಳಿಯಿತು, ವ್ಯಾಕರಣವೂ ಉಳಿಯಿತು. ಗಂಡೋ ಹೆಣ್ಣೋ ಆಗುವ ಆ ಕೆಲವು ದಿನಗಳ ಸ್ಥಿತಿಗೆ ಮೂಲದಲ್ಲಿರುವ ಹೆಸರನ್ನು ಅಕ್ಷರಕ್ಕಕ್ಷರ ‘ಕೆಮ್ಮರ್’ ಎಂದು ಬರೆದರೆ ಹಳಗನ್ನಡ ಬಲ್ಲವರಿಗೆ ‘ಅವರು ಕೆಮ್ಮುವುದಿಲ್ಲ’ ಎಂದು ಕೇಳಿಸುತ್ತದೆ. ಒತ್ತಿಲ್ಲದೆ ‘ಕೆಮರ್’ ಎಂದಿಡಿ.