1200 ಡಿಗ್ರಿಗೆ ಥರ್ಮಿಸ್ಟರ್: ಯಾವ ಆಕ್ಸೈಡ್ ಬಾಳಿಕೆ ಬರುತ್ತೆ?

ಹೊಸಕುಲುಮೆ: ಕುಲುಮೆಯೊಳಗೆ 1200 ಡಿಗ್ರಿ ಸೆಲ್ಸಿಯಸ್ ಅಳೆಯಲು ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ರೆಸಿಸ್ಟನ್ಸ್ ಬದಲಾಗೋ ಸೆನ್ಸರ್) ನಾವೇ ಮಾಡಬೇಕು ಅಂತಿದ್ದೇವೆ. ಒಳಗೆ ಬರೀ ಗಾಳಿ. ಲ್ಯಾಂಥನಮ್ಮೋ, ಯಿಟ್ರಿಯಮ್ಮೋ? ಬಳಸಿದವರು ಹೇಳಿ.

ಪೆಲೆಟ್‌ಪ್ರೆಸ್: ಲ್ಯಾಂಥನಮ್ ಹೆಸರೆತ್ತಬೇಡಿ. ಆ ಆಕ್ಸೈಡ್ ಗಾಳಿಯಲ್ಲಿರುವ ತೇವ, ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಎಳೆದುಕೊಳ್ಳುತ್ತೆ. ತೂಗಿದ್ದರಲ್ಲಿ ಎಷ್ಟು ಆಕ್ಸೈಡ್, ಎಷ್ಟು ಹೈಡ್ರಾಕ್ಸೈಡ್ ಅಂತ ದೇವರಿಗೇ ಗೊತ್ತು. ಪುಡಿ ಕೊಟ್ಟವರು ಬಾಯಿಬಿಡಲಿಲ್ಲ. ಪುಡಿ ಒತ್ತಿ ಮಾಡಿದ ಪೆಲೆಟ್ ಕುಲುಮೆಯಿಂದ ಬಂದಾಗ ಕಲ್ಲಿನ ಹಾಗಿತ್ತು. ಒಳಗೆ ಬೆರೆಯದೆ ಉಳಿದ ಲ್ಯಾಂಥನಮ್ ಆಮೇಲೆ ತೇವ ಹೀರಿ ಉಬ್ಬಿತು. ಮೊದಲು ಅಂಚು ಬಿರಿಯಿತು, ಆಮೇಲೆ ತಂತಿ ಒಂದು ಕಡೆ, ಪುಡಿ ಒಂದು ಕಡೆ. ತಂತಿ ತೊಳೆದು ಮತ್ತೆ ಬಳಸಿದೆವು. ತಂತಿ ಕೂರಿಸಲು ಬಳಿದ ಪ್ಲಾಟಿನಮ್ ಪೇಸ್ಟ್ ಹೋಯ್ತು. ಆ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಕಪ್ಪುಬಿಲ್ಲೆ: ಅದು ಲ್ಯಾಂಥನಮ್ ತಪ್ಪಲ್ಲ ಸ್ವಾಮಿ. 1000 ಡಿಗ್ರಿಯಲ್ಲಿ ಸುಟ್ಟು, ತೇವ ಬಿಡದ ಡಬ್ಬಿ ಡೆಸಿಕೇಟರ್‌ನಿಂದ ತೆಗೆದ ಕೂಡಲೇ ತೂಗಬೇಕು, ಅಷ್ಟೆ. ನಂದು ಯಿಟ್ರಿಯಮ್ ಕ್ರೋಮೈಟ್, ಮ್ಯಾಂಗನೈಟ್ ಬೆರಕೆ, ಅಂದರೆ ಯಿಟ್ರಿಯಮ್ ಜೊತೆ ಕ್ರೋಮಿಯಮ್, ಮ್ಯಾಂಗನೀಸ್ ಇರೋ ಆಕ್ಸೈಡ್. ಪಾಲು ಹೆಚ್ಚುಕಡಿಮೆ ಮಾಡಿದರೆ ರೆಸಿಸ್ಟನ್ಸ್ ಬೇಕಾದ ಕಡೆ ಕೂರುತ್ತೆ.

ಪೆಲೆಟ್‌ಪ್ರೆಸ್: ಕ್ರೋಮಿಯಮ್ ಆವಿಯಾಗೋದನ್ನ ಯಾಕೆ ಹೇಳಲ್ಲ? 1000 ದಾಟಿದರೆ ಗಾಳಿಯಲ್ಲಿ ಹಾರುತ್ತೆ, ತೇವ ಇದ್ದರೆ ಇನ್ನೂ ಜಾಸ್ತಿ. ಕೊಳವೆಯ ತಣ್ಣನೆ ತುದಿಯಲ್ಲಿ ಹಸಿರು ಲೇಪ ನೋಡಿಲ್ವಾ?

ಕಪ್ಪುಬಿಲ್ಲೆ: ಅಲ್ಯುಮಿನಾ ಕೊಳವೆಯೊಳಗೆ ಸೀಲ್ ಮಾಡಿದ್ದೇನೆ. ಪುಡಿ ತೂಗಲು ಬರದವರಿಂದ ನನಗೆ ಪಾಠ ಬೇಡ.

ಎಂಟುಮೋಲ್: ಜಗಳ ಆಚೆ ಇಟ್ಟುಕೊಳ್ಳಿ. ನಾನು 8 ಮೋಲ್ ಶೇಕಡಾ ಯಿಟ್ರಿಯಾ (ಯಿಟ್ರಿಯಮ್ ಆಕ್ಸೈಡ್) ಹಾಕಿದ ಜಿರ್ಕೋನಿಯಾ (ಜಿರ್ಕೋನಿಯಮ್ ಆಕ್ಸೈಡ್) ಬಿಟ್ಟು ಬೇರೆ ಮುಟ್ಟಿಲ್ಲ. ಒಂದೇ ತಲೆನೋವು, ಅದರಲ್ಲಿ ಕರೆಂಟ್ ಹೊತ್ತು ಓಡೋದು ಎಲೆಕ್ಟ್ರಾನ್ ಅಲ್ಲ, ಆಕ್ಸಿಜನ್ ಅಯಾನು. ಡಿಸಿ ಮೀಟರ್ ಹಚ್ಚಿದರೆ ಅಯಾನು ಒಂದೇ ಕಡೆ ಸರಿದು, ಬಿಸಿ ಬದಲಾಗದಿದ್ದರೂ ಮುಳ್ಳು ಸರಿಯುತ್ತಲೇ ಇರುತ್ತೆ. ಕೊನೆಗೆ ಎಸಿಯಲ್ಲಿ ರೆಸಿಸ್ಟನ್ಸ್ ಅಳೆಯೋ ಎಸಿ ಬ್ರಿಡ್ಜ್ ಕೊಂಡೆವು. ಸೆನ್ಸರ್ ಖರ್ಚು ಅದರ ಮುಂದೆ ಏನೂ ಅಲ್ಲ. ಆದರೂ ಬಿಲ್ಲೆ ಇವತ್ತಿಗೂ ಬಿರಿದಿಲ್ಲ.

ಹೊಸಕುಲುಮೆ: ಎಸಿ ಎಷ್ಟು ಹರ್ಟ್ಜ್ ಇಟ್ಟಿರಿ?

ಬಿಟೈಪ್: ಇಷ್ಟೆಲ್ಲ ಯಾಕ್ರೀ? ಸುಮ್ನೆ ಬಿ ಟೈಪ್ ಥರ್ಮೋಕಪಲ್ ಹಾಕಿ, ಎರಡು ಪ್ಲಾಟಿನಮ್-ರೋಡಿಯಮ್ ತಂತಿ ಬೆಸೆದದ್ದು, ಬಿಸಿಗೆ ತಕ್ಕ ವೋಲ್ಟೇಜ್ ಕೊಡುತ್ತೆ. 1700ರವರೆಗೂ ನಡೆಯುತ್ತೆ. ಕೋಣೆಯ ಬಿಸಿಯಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ಸೊನ್ನೆ, ಮೀಟರ್ ಕಡೆಯ ತಣ್ಣನೆ ತುದಿಯ ಬಿಸಿ ಲೆಕ್ಕ ಹಾಕೋ ತಲೆಬಿಸಿಯೂ ಇಲ್ಲ.

ಎಂಟುಮೋಲ್: ಕೇಳಿದ್ದು ಥರ್ಮಿಸ್ಟರ್. ರೋಡಿಯಮ್ ಒಂದು ತಂತಿಯಿಂದ ಇನ್ನೊಂದಕ್ಕೆ ಸರಿದು ರೀಡಿಂಗ್ ಜಾರಿದಾಗ ಬನ್ನಿ, ಮಾತಾಡೋಣ.

ಬಿಟೈಪ್: ಎರಡು ತಂತಿಯಲ್ಲೂ ರೋಡಿಯಮ್ ಇದೆ, 30 ಮತ್ತು 6 ಶೇಕಡಾ. ಅದಕ್ಕೇ ಒಂದು ತಂತಿ ಬರೀ ಪ್ಲಾಟಿನಮ್ ಆಗಿರೋ ಎಸ್ ಟೈಪ್‌ಗಿಂತ ಕಡಿಮೆ ಜಾರುತ್ತೆ. ಓದಿಕೊಂಡು ಬನ್ನಿ.

ಪೆಲೆಟ್‌ಪ್ರೆಸ್: ಎಲ್ಲ ಸರಿ, ಅಷ್ಟು ಪ್ಲಾಟಿನಮ್‌ಗೆ ದುಡ್ಡು ನೀವು ಕೊಡ್ತೀರಾ?