ದೈತ್ಯ ರೋಬೋಗಳಿಗೆ ಕನ್ನಡದಲ್ಲಿ ಹೆಸರು ಕಟ್ಟುವುದು ಹೇಗೆ?

ಡೊಂಬಿವಲಿ ಕನ್ನಡಿಗ:

ಆತ್ಮೀಯರೇ, ಡೊಂಬಿವಲಿಯಲ್ಲಿ ನಾವು ಕೆಲವರು ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಓದುಬರಹ ಕಲಿಸುತ್ತಿದ್ದೇವೆ. ಈ ವರ್ಷ ಮಕ್ಕಳೇ ಕೂಡಿ ಒಂದು ಚಿತ್ರಕಥೆ ಬರೆಯುತ್ತಿದ್ದಾರೆ. ಮುಂಬಯಿಯ ನೆಲದಡಿಯಲ್ಲಿ ಮಲಗಿದ್ದ ನಾಲ್ಕು ದೈತ್ಯ ರೋಬೋಗಳು ಮಳೆಗಾಲದ ಒಂದು ರಾತ್ರಿ ಎದ್ದು ಬರುತ್ತವೆ. ಒಂದು ಸಮುದ್ರಕ್ಕೆ ಎದೆಯೊಡ್ಡಿ ನಿಲ್ಲುತ್ತದೆ, ಇನ್ನೊಂದು ಸುರಂಗ ತೋಡುತ್ತದೆ, ಮೂರನೆಯದು ಬಂದರಿನಲ್ಲಿ ಹಡಗುಗಳನ್ನೇ ಎತ್ತಿಡುತ್ತದೆ, ನಾಲ್ಕನೆಯದಕ್ಕೆ ಎಂಟು ಕಾಲುಗಳಿವೆ.

ಕಥೆ ಈಗ ಹೆಸರಿನ ಹತ್ತಿರ ಬಂದು ನಿಂತಿದೆ. ಮಕ್ಕಳು ಸೂಚಿಸಿದ್ದೆಲ್ಲ ಮೆಗಾ, ಟೈಟಾನ್ ಮುಂತಾದ ಸಿದ್ಧ ಹೆಸರುಗಳೇ ಆಗಿದ್ದವು. ನಾನು ‘ಮಹಾಯಂತ್ರಾಸುರ’ ಎಂದೆ. ಮಳೆಯಲ್ಲಿ ನಿಂತು ರೋಬೋವನ್ನು ಕೂಗುವ ಚಿತ್ರವನ್ನು ಬರೆಯುತ್ತಿದ್ದ ಹುಡುಗಿ ಅದನ್ನು ಎರಡು ಸಲ ಕೂಗಿ ನೋಡಿ, ‘ಸರ್, ಉಸಿರು ಸಾಲುವುದಿಲ್ಲ’ ಎಂದಳು. ಅವಳ ಮಾತು ಸರಿಯಾಗಿತ್ತು. ಮರಾಠಿ ಶಾಲೆಯಲ್ಲಿ ಓದುವ ಹುಡುಗನೊಬ್ಬ ಎಂಟು ಕಾಲಿನದಕ್ಕೆ ‘ಕೋಳಿ’ ಎಂದು ಹೆಸರಿಟ್ಟಿದ್ದಾನೆ. ಮರಾಠಿಯಲ್ಲಿ ಕೋಳಿ ಎಂದರೆ ಜೇಡವೂ ಹೌದು, ಈ ಕಡಲಂಚಿನ ಬೆಸ್ತ ಸಮುದಾಯವೂ ಹೌದು. ಆದ್ದರಿಂದ ಅದು ನಿಜಕ್ಕೂ ಒಪ್ಪುವ ಹೆಸರು. ಆದರೆ ಕನ್ನಡದಲ್ಲಿ ಓದಿದ ಕೂಡಲೇ ಹುಂಜ, ಹೇಂಟೆಗಳೇ ಕಣ್ಣಮುಂದೆ ಬರುತ್ತವೆ. ಗಾತ್ರವೂ ಭಾರವೂ ಕಿವಿಗೇ ತಿಳಿಯುವಂತೆ, ಮಗುವೊಂದು ಒಂದೇ ಉಸಿರಿನಲ್ಲಿ ಕೂಗುವಂತೆ ಹೆಸರು ಕಟ್ಟುವ ದಾರಿಯನ್ನು ದಯವಿಟ್ಟು ತಿಳಿಸಿರಿ.

ಮಾಟುಂಗಾದ ಹಳೆಯ ಮೇಷ್ಟ್ರು:

ನಿಮ್ಮ ಪ್ರಶ್ನೆ ನನಗೆ ಬಹಳ ಹಿಡಿಸಿತು. ದೊಡ್ಡದನ್ನು ಹೆಸರಿಸುವ ಉಪಕರಣ ಕನ್ನಡದ ವ್ಯಾಕರಣದಲ್ಲಿಯೇ ಇದೆ. ‘ಹಿರಿದು’ ಎಂಬುದು ಸಮಾಸದಲ್ಲಿ ‘ಹೆ’ ಆಗಿ ಕುಗ್ಗಿ, ಮುಂದಿನ ಅಕ್ಷರವನ್ನು ಇಮ್ಮಡಿಸುತ್ತದೆ. ಆ ಅಕ್ಷರ ಕ, ತ, ಪ ಆಗಿದ್ದರೆ ಗ, ದ, ಬ ಆಗಿ ಮಾರ್ಪಡುತ್ತದೆ. ತೆರೆ ಹೆದ್ದೆರೆಯಾಗುವುದೂ ಹಳಗನ್ನಡದ ಪುಲಿ ಹೆಬ್ಬುಲಿಯಾಗುವುದೂ ಹೀಗೆಯೇ. ಕಬ್ಬಿಣ ಎಂಬ ಮಾತನ್ನೇ ನೋಡಿರಿ: ಕರಿದಾದ ಪೊನ್ನು, ಅಂದರೆ ಕಪ್ಪು ಲೋಹ, ಕರ್ಬೊನ್ನಾಗಿ ಕೊನೆಗೆ ಕಬ್ಬಿಣವಾಯಿತು.

ಈ ಗ, ದ, ಬ ಧ್ವನಿಗಳಲ್ಲಿ ಭಾರವಿದೆ ಎಂಬುದು ನಮ್ಮ ಅನುಕರಣ ಶಬ್ದಗಳಿಂದಲೇ ತಿಳಿಯುತ್ತದೆ. ಗೆಜ್ಜೆ ಕಿಣಿಕಿಣಿ ಎನ್ನುತ್ತದೆ, ದೇವಸ್ಥಾನದ ಗಂಟೆ ಗಣಗಣ ಎನ್ನುತ್ತದೆ. ಹನಿ ಪಟಪಟ ಬೀಳುತ್ತದೆ, ಮೂಟೆ ದಬದಬ ಬೀಳುತ್ತದೆ. ದೈತ್ಯ ರೋಬೋಗಳ ಕಥೆಗಳನ್ನು ಹೇರಳವಾಗಿ ಕಟ್ಟಿದ ಜಪಾನಿನವರ ಭಾಷೆಯಲ್ಲಿಯೂ ಸಣ್ಣ ಕಲ್ಲು ‘ಕೊರೊಕೊರೊ’ ಎಂದು ಉರುಳಿದರೆ ಬಂಡೆ ‘ಗೊರೊಗೊರೊ’ ಎಂದು ಉರುಳುತ್ತದೆ. ಸಮುದ್ರವನ್ನು ತಡೆಯುವ ನಿಮ್ಮ ರೋಬೋವಿಗೆ ‘ಹೆಗ್ಗಟ್ಟೆ’ ಎನ್ನಬಹುದು. ನೀರಿಗೆ ಅಡ್ಡವಾಗಿ ಹಾಕುವುದು ಕಟ್ಟೆಯೇ ಅಲ್ಲವೇ? ಹಡಗು ಎತ್ತುವುದಕ್ಕೆ ನಿಡಿದಾದ ತೋಳುಳ್ಳ ‘ನಿಡುದೋಳ’. ಎಂಟು ಕಾಲಿನದಕ್ಕೆ ‘ಎಣ್ಗಾಲ’. ಎಣ್ದೆಸೆ ಎಂಬಲ್ಲಿ ಇರುವ ‘ಎಣ್’ ಇದೇ.

ಸಂಸ್ಕೃತದ ಹೆಸರು ಬೇಡವೆಂದು ನಾನು ಹೇಳುವುದಿಲ್ಲ. ಘಟೋತ್ಕಚ ಎಂದರೆ ಮಡಕೆಯಂತೆ ಕೂದಲಿಲ್ಲದ ತಲೆಯವನು, ಕುಂಭಕರ್ಣ ಎಂದರೆ ಕೊಡದಂಥ ಕಿವಿಯವನು. ಕಣ್ಣಿಗೆ ಕಾಣುವ ಒಂದು ಅಂಗವನ್ನು ಹಿಡಿದು ಇಟ್ಟುದರಿಂದಲೇ ಆ ಹೆಸರುಗಳು ಬಾಳಿವೆ. ‘ಮಹಾಯಂತ್ರಾಸುರ’ದಲ್ಲಿ ಅಂಥ ಅಂಗ ಯಾವುದೂ ಕಾಣುವುದಿಲ್ಲ. ಸಂಸ್ಕೃತವನ್ನೂ ಕನ್ನಡವನ್ನೂ ಬೆರೆಸಿದರೆ ಅರಿಸಮಾಸವೆಂಬ ದೋಷವಾಗುತ್ತದೆಂದು ಯಾರಾದರೂ ಆಕ್ಷೇಪಿಸಿದರೆ, 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಗಳಲ್ಲಿ ಅದನ್ನು ಒಪ್ಪಿದ್ದಾನೆಂದು ಹೇಳಿರಿ. ದೈತ್ಯ ರೋಬೋವಿನ ಹೆಸರು ಬಿರುದಿಗೆ ಬಹಳ ಹತ್ತಿರದ್ದು.

ಪುಣೆಯ ಯಂತ್ರಶಿಲ್ಪಿ:

ಮೇಷ್ಟ್ರು ಧ್ವನಿಯ ವಿಷಯವನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ದುಡಿಮೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ರೋಬೋಟ್ ಎಂಬ ಪದ ಹುಟ್ಟಿದ್ದು 1920ರ ಚೆಕ್ ನಾಟಕವೊಂದರಲ್ಲಿ. ಅದರ ಮೂಲವಾದ ‘ರೋಬೋಟಾ’ ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ಮಾಡಬೇಕಾಗಿದ್ದ ಕೆಲಸ, ಅಂದರೆ ನಮ್ಮ ಶಾಸನಗಳಲ್ಲಿಯೂ ಬರುವ ‘ಬಿಟ್ಟಿ’. ಆದ್ದರಿಂದ ಮಾಡುವ ಕೆಲಸದಿಂದ ಹೆಸರು ಹುಟ್ಟುವುದು ಈ ಪಾತ್ರಗಳಿಗೆ ಸಹಜವಾದುದು.

ನಿಮ್ಮ ಊರಿನಲ್ಲೇ ಉದಾಹರಣೆ ಇದೆ. ಕರಾವಳಿ ರಸ್ತೆಗಾಗಿ ಮಲಬಾರ್ ಹಿಲ್‌ನ ಅಡಿಯಲ್ಲಿ ಜೋಡಿ ಸುರಂಗ ಕೊರೆದ, 12 ಮೀಟರಿಗೂ ಮಿಕ್ಕ ವ್ಯಾಸದ ಯಂತ್ರಕ್ಕೆ ‘ಮಾವಳಾ’ ಎಂದು ಹೆಸರಿಟ್ಟಿದ್ದರು. ಶಿವಾಜಿಯ ಪದಾತಿಗಳಾಗಿದ್ದ ಮಾವಳ ಸೀಮೆಯವರ ಹೆಸರು ಅದು. ಮುಂಬಯಿ ಮೆಟ್ರೋದ ಸುರಂಗ ಯಂತ್ರಗಳಲ್ಲಿ ವೈತರಣಾ, ಗೋದಾವರಿ ಇದ್ದರೆ ಬೆಂಗಳೂರಿನವುಗಳಲ್ಲಿ ತುಂಗಾ, ಭದ್ರಾ ಇವೆ. ಉಕ್ಕಿನ ರಾಶಿಗೆ ನೆಲದ ಗುರುತು ಬಂದ ಮೇಲೆ ಕೆಲಸಗಾರರು ಅದನ್ನು ಹೆಸರು ಹಿಡಿದೇ ಮಾತನಾಡಿಸುತ್ತಾರೆ. ನಿಮ್ಮ ಸುರಂಗದ ರೋಬೋವಿಗೆ ಹೊಸ ಪದವನ್ನು ಕಟ್ಟುವುದೇ ಬೇಡ. ನೆಲ ತೋಡುವ, ಮುಂಬಯಿಯ ಮಕ್ಕಳೆಲ್ಲರೂ ಬಲ್ಲ ‘ಹೆಗ್ಗಣ’ ಇರುವಾಗ ಬೇರೆಯದನ್ನು ಹುಡುಕುವುದೇಕೆ?

ಕಲಿನಾ ವಿದ್ಯಾರ್ಥಿನಿ:

ಹೆಸರು ಆರಿಸುವ ಮೊದಲು ಅದಕ್ಕೆ ವಿಭಕ್ತಿ ಹಚ್ಚಿ ನೋಡಿರಿ ಎಂದು ವಿನಂತಿಸುತ್ತೇನೆ. ಕಥೆಯಲ್ಲಿ ಹೆಸರು ಒಂಟಿಯಾಗಿ ಬರುವುದು ಕಡಿಮೆ. ‘ಟೈಟಾನ್’ ಎಂಬುದಕ್ಕೆ ಪ್ರತ್ಯಯ ಸೇರಿಸುವಾಗಲೆಲ್ಲ ನಾಲಿಗೆ ತಡವರಿಸುತ್ತದೆ. ಸ್ವರದಿಂದ ಮುಗಿಯುವ ಹೆಸರು ಸುಲಭವಾಗಿ ಬಾಗುತ್ತದೆ, ಕೂಗುವಾಗ ‘ಎಣ್ಗಾಲಾ!’ ಎಂದು ಎಳೆಯಲೂ ಬರುತ್ತದೆ.

ಇನ್ನೂ ಮುಖ್ಯವಾದುದು ಲಿಂಗ. ‘ಅ’ಕಾರದಿಂದ ಮುಗಿಯುವ ಹೆಸರಾದರೆ ‘ನಿಡುದೋಳಕ್ಕೆ’ ಎನ್ನಬೇಕೇ, ‘ನಿಡುದೋಳನಿಗೆ’ ಎನ್ನಬೇಕೇ ಎಂದು ಕನ್ನಡವು ಬರೆಯುವವರನ್ನು ಕೇಳಿಯೇ ಕೇಳುತ್ತದೆ. ಮೊದಲನೆಯದರಲ್ಲಿ ಅದು ವಸ್ತು, ಎರಡನೆಯದರಲ್ಲಿ ಅವನು ವ್ಯಕ್ತಿ. ಇದನ್ನು ತೊಡಕೆಂದು ಭಾವಿಸದೆ ಕಥೆಗೇ ಬಳಸಿಕೊಳ್ಳಬಹುದು. ಮೊದಲ ಪುಟಗಳಲ್ಲಿ ಎಲ್ಲರೂ ‘ನಿಡುದೋಳಕ್ಕೆ ಎಣ್ಣೆ ಹಾಕಿರಿ’ ಎನ್ನಲಿ. ಅದು ಮುಳುಗುವ ದೋಣಿಯನ್ನು ಎತ್ತಿ ದಡಕ್ಕಿಟ್ಟ ರಾತ್ರಿ, ಕಥೆಯಲ್ಲಿ ರೋಬೋವನ್ನು ಕೂಗುವ ಮಗು ಮಾತ್ರ ‘ನಿಡುದೋಳನಿಗೆ ಚಳಿಯಾಗುತ್ತಿದೆ’ ಎನ್ನಲಿ. ಈ ಅನುಕೂಲ ಹೆಗ್ಗಟ್ಟೆಗೆ ಇಲ್ಲ. ಅಲ್ಲಿ ‘ನಿಂತಿತು’, ‘ನಿಂತಳು’ ಎಂಬ ಕ್ರಿಯಾಪದದಿಂದಲೇ ವ್ಯತ್ಯಾಸ ತೋರಿಸಬೇಕಾಗುತ್ತದೆ.

‘ಕೋಳಿ’ಯನ್ನು ಕೈಬಿಡಬೇಡಿರಿ. ಕಥೆಯಲ್ಲಿ ಬರುವ ಬೆಸ್ತರು ಮರಾಠಿ ಮಾತನಾಡುವವರೇ ತಾನೇ? ಅವರು ಅದನ್ನು ಕೋಳಿ ಎಂದೇ ಕರೆಯಲಿ.

ಡೊಂಬಿವಲಿ ಕನ್ನಡಿಗ:

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಈ ಭಾನುವಾರ ಹೆಸರುಗಳನ್ನು ಹಲಗೆಯ ಮೇಲೆ ಬರೆದು, ಮಕ್ಕಳನ್ನು ಮೆಟ್ಟಿಲ ಕೆಳಗೆ ನಿಲ್ಲಿಸಿ ಒಂದೊಂದಾಗಿ ಕೂಗಿಸಿದೆವು. ಹೆಗ್ಗಣ ಮತ್ತು ನಿಡುದೋಳ ಕೂಡಲೇ ಗೆದ್ದವು. ಎಣ್ಗಾಲ ಚಿಕ್ಕವರ ನಾಲಿಗೆಯಲ್ಲಿ ‘ಎಂಗಾಲ’ವಾಯಿತು, ಹಾಗೆಯೇ ಬರೆಯಲು ನಿರ್ಧರಿಸಿದ್ದೇವೆ, ಬೆಸ್ತರ ಬಾಯಲ್ಲಿ ಅದು ಕೋಳಿಯಾಗಿಯೇ ಉಳಿಯುತ್ತದೆ. ಹೆಗ್ಗಟ್ಟೆ ‘ನಿಂತಿತು’ ಎನ್ನಬೇಕೋ ‘ನಿಂತಳು’ ಎನ್ನಬೇಕೋ ಎಂಬ ಬಗ್ಗೆ ಮಕ್ಕಳಲ್ಲಿ ಇನ್ನೂ ಒಮ್ಮತವಿಲ್ಲ, ಮುಂದಿನ ವಾರ ಆ ಪುಟವನ್ನು ಎರಡೂ ಬಗೆಯಲ್ಲಿ ಓದಿ ನೋಡುತ್ತೇವೆ.