ಏಳು ತಿಂಗಳ ಮೊಮ್ಮಗಳು ವಾರಕ್ಕೆ ಮೂರು ದಿನ ನನ್ನ ಜೊತೆ: ಏನು ಆಡಿಸಲಿ, ಹೇಗೆ ಎತ್ತಲಿ?

ಹೊಸಅಜ್ಜಿ:
ಮುಂದಿನ ವಾರದಿಂದ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಮೊಮ್ಮಗಳು ನನ್ನ ಹತ್ತಿರ ಇರುತ್ತಾಳೆ. ಅವಳಿಗೆ 7 ತಿಂಗಳು. ಆಸರೆ ಇಲ್ಲದೆ ಸ್ವಲ್ಪ ಹೊತ್ತು ಕೂರುತ್ತಾಳೆ, ಅಂಬೆಗಾಲು ಇನ್ನೂ ಬಂದಿಲ್ಲ. ಅಳದಂತೆ ನೋಡಿಕೊಂಡು ಸಂಜೆ ಒಪ್ಪಿಸುವುದಷ್ಟೇ ನನಗೆ ಸಾಲದು, ಅವಳ ಜೊತೆ ಚೆನ್ನಾಗಿ ಆಡಬೇಕು. ಈ ವಯಸ್ಸಿಗೆ ಯಾವ ಆಟ ಹಿಡಿಸುತ್ತದೆ? ಮಂಡಿ ನೋವಿದೆ, ನೆಲದಿಂದ ಎತ್ತುವುದು ಹೇಗೆ? ಮನೆಯಲ್ಲಿ ಮೊದಲು ಏನು ಸರಿಮಾಡಿಕೊಳ್ಳಬೇಕು? ಉಳಿದ ನಾಲ್ಕು ದಿನ ವಿಡಿಯೋ ಕಾಲ್ ಮಾಡಿದರೆ ಪ್ರಯೋಜನ ಉಂಟೇ?

ನೆಲದಾಟ:
ಅಮ್ಮಾ, ಒಳ್ಳೆಯ ವಯಸ್ಸಿಗೇ ಸಿಕ್ಕಿದ್ದಾಳೆ. ಕಣ್ಣಿಗೆ ಕಾಣದ ವಸ್ತು ಇಲ್ಲವಾಗಿಲ್ಲ, ಎಲ್ಲೋ ಇದೆ ಎಂಬುದು ಮಗುವಿಗೆ ಹೊಳೆಯತೊಡಗುವ ಹೊತ್ತು ಇದು. ಮುಖ ಮುಚ್ಚಿ 'ಬೂ' ಅನ್ನುವ ಆಟಕ್ಕೆ ಅಷ್ಟು ನಗು ಬರುವುದು ಅದಕ್ಕೇ. ಮೊದಲು ನಿಮ್ಮ ಮುಖವನ್ನು ತೆಳು ಬಟ್ಟೆಯಿಂದ ಅರ್ಧ ಮುಚ್ಚಿ. ಅದು ಪಳಗಿದ ಮೇಲೆ ಪೂರ್ತಿ ಮುಚ್ಚಿ, ಆಮೇಲೆ ಬಟ್ಟೆ ಎಳೆಯುವ ಕೆಲಸ ಅವಳಿಗೇ ಬಿಡಿ. ಇನ್ನೂ ಕೆಲವು ವಾರ ಕಳೆದ ಮೇಲೆ ಒಂದು ಚಮಚವನ್ನು ಬಟ್ಟೆಯಡಿ ಬಚ್ಚಿಟ್ಟು ಹುಡುಕಲು ಬಿಡಿ. ಮುಚ್ಚಿಕೊಂಡು ತುಂಬ ಹೊತ್ತು ಕಾಯಿಸಬೇಡಿ. ಎರಡು ಮೂರು ಸೆಕೆಂಡ್ ಸಾಕು, ಹೆಚ್ಚಾದರೆ ನಗು ಅಳುವಾಗುತ್ತದೆ.

ಎರಡನೆಯದು ಬುಟ್ಟಿ ಆಟ. ಅಂಚು ಚುಚ್ಚದ, ಬಗ್ಗದ ಬುಟ್ಟಿಯಲ್ಲಿ ಎಂಟು ಹತ್ತು ಸಾಮಾನು ಹಾಕಿ: ಮರದ ಸೌಟು, ಉಕ್ಕಿನ ಬಟ್ಟಲು, ಉಣ್ಣೆಬಟ್ಟೆಯ ತುಂಡು, ದೊಡ್ಡ ಮುಚ್ಚಳ. ಒಂದು ತಣ್ಣಗೆ, ಒಂದು ಒರಟು, ಒಂದು ಸದ್ದು ಮಾಡುವಂಥದ್ದು ಇರಲಿ. ಎಲ್ಲವೂ ಬಾಯಿಗೆ ಹೋಗುತ್ತವೆ, ಹಾಗಾಗಿ ತೊಳೆಯುವಂಥವೇ ಆಗಬೇಕು. ಟಾಯ್ಲೆಟ್ ಪೇಪರ್ ಸುತ್ತಿ ಬರುವ ರಟ್ಟಿನ ಕೊಳವೆಯೊಳಗೆ ತೂರುವ ಯಾವುದೂ ಬೇಡ, ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರ. ಬುಟ್ಟಿ ಇಟ್ಟ ಮೇಲೆ ನೀವು ಸುಮ್ಮನೆ ಪಕ್ಕದಲ್ಲಿ ಕೂತಿರಿ. ಇದೇ ಕಷ್ಟದ ಭಾಗ! 'ಇದು ನೋಡು, ಅದು ನೋಡು' ಎಂದು ಕೈಗೆ ತುರುಕಿದರೆ ಅವಳು ಯಾವುದನ್ನೂ ಪೂರ್ತಿ ನೋಡುವುದಿಲ್ಲ.

ಮಾತೂ ಹಾಗೆಯೇ. 'ಬಾ ಬಾ' ಅಂದಳೇ? ನೀವೂ 'ಬಾ ಬಾ' ಅನ್ನಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಉತ್ತರಿಸಲು ಮಗುವಿಗೆ ಅಷ್ಟು ಸಮಯ ಬೇಕು. ಹೆಚ್ಚಿನ ದೊಡ್ಡವರು ಎರಡಕ್ಕೇ ಬಾಯಿ ಹಾಕಿ ಅವಳ ಸರದಿ ಕಸಿದುಬಿಡುತ್ತಾರೆ. ಮುಖ ತಿರುಗಿಸಿದರೆ, ಕಣ್ಣುಜ್ಜಿದರೆ ಆಟ ಸಾಕಾಯಿತು ಎಂದು ತಿಳಿಯಿರಿ. ಈ ವಯಸ್ಸಿನಲ್ಲಿ ಎದ್ದು ಎರಡರಿಂದ ಮೂರು ಗಂಟೆಯೊಳಗೆ ಮತ್ತೆ ನಿದ್ದೆ ಬೇಕಾಗುವುದು ಸಾಮಾನ್ಯ. ತುಂಬ ದಣಿದ ಮಗುವನ್ನು ಮಲಗಿಸುವುದು ಇನ್ನೂ ಕಷ್ಟ.

ಸೊಂಟಮಂಡಿ_ಫಿಸಿಯೋ:
ಮಂಡಿಯ ವಿಚಾರ. ಮಗುವನ್ನು ಎತ್ತಿಕೊಂಡು ನೆಲದಿಂದ ಏಳಲು ಹೋಗಬೇಡಿ, ಅಲ್ಲೇ ಆಯ ತಪ್ಪುವುದು. ಮಗು ಚಾಪೆಯ ಮೇಲೆ ಇರಲಿ. ಮೊದಲು ನೀವೊಬ್ಬರೇ ಕುರ್ಚಿ ಹಿಡಿದು ಎದ್ದು, ಅಲುಗಾಡದ ಆ ಕುರ್ಚಿಯ ಅಂಚಿಗೆ ಕೂರಿ. ಮಗುವನ್ನು ನಿಮ್ಮ ಎರಡು ಪಾದಗಳ ನಡುವೆ ಹತ್ತಿರಕ್ಕೆ ಎಳೆದುಕೊಳ್ಳಿ. ಬೆನ್ನು ಗೂನು ಮಾಡದೆ ಸೊಂಟದಿಂದ ಬಾಗಿ ಎತ್ತಿ ಮಡಿಲಿಗೆ ತಂದುಕೊಳ್ಳಿ. ಎದೆಗೆ ಒತ್ತಿ ಹಿಡಿದು, ಪಾದಗಳನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಇಟ್ಟು, ಮುಂದಕ್ಕೆ ವಾಲಿ ಎದ್ದೇಳಿ. ತಿರುಗಬೇಕಾದರೆ ಪಾದ ತಿರುಗಿಸಿ, ಸೊಂಟ ತಿರುಚಬೇಡಿ.

ಮಂಡಿಗಿಂತ ಮೊದಲು ಮಣಿಕಟ್ಟು ಕೈಕೊಡುವುದೇ ಹೆಚ್ಚು. ಕಂಕುಳಿಗೆ ಎರಡೂ ಕೈ ಹಾಕಿ, ಹೆಬ್ಬೆರಳು ಅಗಲಿಸಿ ಎತ್ತುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ದಿನಕ್ಕೆ ಮೂವತ್ತು ನಲವತ್ತು ಸಲ ಹಾಗೆ ಎತ್ತಿದರೆ ಹೆಬ್ಬೆರಳಿನ ಬುಡದ ಸ್ನಾಯುರಜ್ಜು ಊದಿಕೊಳ್ಳುತ್ತದೆ. ಇದಕ್ಕೆ ಡಿ ಕ್ವೆರ್ವೇನ್ ಎಂದು ಹೆಸರು. ಬದಲಿಗೆ ಒಂದು ಅಂಗೈ ಕುಂಡೆಯ ಕೆಳಗೆ, ಇನ್ನೊಂದು ಬೆನ್ನಿನ ಹಿಂದೆ ಇಟ್ಟು, ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ಸೇರಿಸಿ ಬಾಚಿಕೊಳ್ಳಿ.

ಮುಂದಿನ ವರ್ಷಕ್ಕೂ ಒಂದು ಮಾತು: ನಡೆಯಲು ಕಲಿತ ಮೇಲೆ ಎರಡು ಕೈ ಹಿಡಿದು ತೂಗಾಡಿಸುವ ಆಟ ಬೇಡ. 1ರಿಂದ 4 ವರ್ಷದವರೆಗೆ ಮೊಣಕೈ ಕೀಲು ಸಡಿಲ, ಒಂದೇ ಎಳೆತಕ್ಕೆ ಜಾರಬಹುದು. ಕೈ ಆಡಿಸದೆ ಜೋತು ಬಿಟ್ಟುಕೊಂಡರೆ ನೀವೇ ನೀವಲು ಹೋಗದೆ ವೈದ್ಯರ ಬಳಿ ಕರೆದೊಯ್ಯಿರಿ.

ಎಚ್ಚರಿಕೆಗಾತಿ:
ಮನೆ ಸರಿಮಾಡುವ ಕೆಲಸ ನಿಮ್ಮ ಕೈಚೀಲದಿಂದಲೇ ಶುರುವಾಗಲಿ. ಮಗುವಿಗೆ ಮಾತ್ರೆ ಸುಲಭವಾಗಿ ಸಿಗುವುದು ಅಲ್ಲೇ. ವಾರದ ದಿನಗಳ ಹೆಸರಿರುವ ಮಾತ್ರೆ ಡಬ್ಬಿಯನ್ನು ಮಕ್ಕಳು ಸಲೀಸಾಗಿ ತೆಗೆಯುತ್ತಾರೆ, ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳಲ್ಲಿ ಒಂದೇ ಒಂದು ನುಂಗಿದರೂ ಪುಟ್ಟ ಮಗುವಿಗೆ ಅಪಾಯ. ಚೀಲ, ಡಬ್ಬಿ ಎರಡೂ ಎತ್ತರದ, ಬೀಗ ಹಾಕುವ ಕಪಾಟಿಗೆ ಹೋಗಲಿ.

ಮುಂದೆ ಬಟನ್ ಸೆಲ್. ರಿಮೋಟ್, ಅಡುಗೆ ತೂಕದ ಯಂತ್ರ, ಹಾಡುವ ಆಟಿಕೆ ಎಲ್ಲದರಲ್ಲೂ ಇರಬಹುದು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೋಡೆ ಸುಡುತ್ತದೆ. ಸ್ಕ್ರೂ ಇಲ್ಲದ ಮುಚ್ಚಳಗಳಿಗೆ ಗಟ್ಟಿ ಟೇಪ್ ಸುತ್ತಿ, ಹಳೆಯ ಸೆಲ್ ಮೇಜಿನ ಮೇಲೆ ಬಿಡಬೇಡಿ. ನುಂಗಿದ ಅನುಮಾನ ಬಂದರೂ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ.

ಮಡಿಲಲ್ಲಿ ಮಗು ಇದ್ದಾಗ ಕೈಯಲ್ಲಿ ಬಿಸಿ ಲೋಟ ಬೇಡವೇ ಬೇಡ. ಹದಿನೈದು ನಿಮಿಷ ಆರಿದ ಪಾನೀಯವೂ ಎಳೆ ಚರ್ಮವನ್ನು ಸುಡುತ್ತದೆ.

ನಿದ್ದೆಯ ನಿಯಮ ನಮ್ಮ ಮಕ್ಕಳ ಕಾಲದ ಮೇಲೆ ಬದಲಾಗಿದೆ. ಬೋರಲು ಮಲಗಿಸುವುದು ಒಳ್ಳೆಯದೆಂದು ಒಂದು ಕಾಲಕ್ಕೆ ಹಲವು ದೇಶಗಳಲ್ಲಿ ವೈದ್ಯರೇ ಹೇಳುತ್ತಿದ್ದರು. 1990ರ ದಶಕದಲ್ಲಿ ಅಂಗಾತ ಮಲಗಿಸುವ ಪ್ರಚಾರ ಶುರುವಾದ ಮೇಲೆ ಶಿಶುಗಳು ನಿದ್ದೆಯಲ್ಲೇ ಹಠಾತ್ತನೆ ಸಾಯುವುದು ಬಹಳ ಕಡಿಮೆಯಾಯಿತು. ಆದ್ದರಿಂದ ಗಟ್ಟಿ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ. ದಿಂಬು, ಮೆತ್ತನೆಯ ಗೊಂಬೆ ಯಾವುದೂ ಬೇಡ. ತಾನಾಗಿ ಎರಡೂ ಕಡೆ ಮಗುಚಿಕೊಳ್ಳಬಲ್ಲ ಮಗು ನಿದ್ದೆಯಲ್ಲಿ ಹೊರಳಿದರೆ ಪದೇಪದೇ ತಿರುಗಿಸಬೇಕಿಲ್ಲ. ಎದೆಯ ಮೇಲೆ ಹಾಕಿಕೊಂಡು ಸೋಫಾದಲ್ಲಿ ನೀವೂ ತೂಕಡಿಸುವುದು ಮಾತ್ರ ಎಲ್ಲಕ್ಕಿಂತ ಅಪಾಯ, ಎಷ್ಟೇ ಹಿತವಾಗಿದ್ದರೂ.

ದೂರದಜ್ಜಿ:
ವಿಡಿಯೋ ಕಾಲ್ ಮಾಡಿ, ಆದರೆ ಐದು ನಿಮಿಷ ಸಾಕು. 18 ತಿಂಗಳೊಳಗಿನ ಮಕ್ಕಳಿಗೆ ಪರದೆ ಬೇಡ ಎಂದ ಅಮೆರಿಕದ ಶಿಶುವೈದ್ಯರ ಅಕಾಡೆಮಿ ಕೂಡ 2016ರ ಸಲಹೆಯಲ್ಲಿ ವಿಡಿಯೋ ಮಾತುಕತೆಗೆ ವಿನಾಯಿತಿ ಕೊಟ್ಟಿದೆ. ಅವಳ ಪಕ್ಕ ದೊಡ್ಡವರೊಬ್ಬರು ಇರಲೇಬೇಕು. ನೀವು ಇಲ್ಲಿಂದ ಕಚಗುಳಿ ಇಟ್ಟಂತೆ ಬೆರಳು ಆಡಿಸಿದರೆ ಅಲ್ಲಿ ಅಮ್ಮ ನಿಜವಾಗಿ ಕಚಗುಳಿ ಇಡಬೇಕು. ಪ್ರತಿ ಸಲ ಒಂದೇ ಹಾಡಿನಿಂದ ಶುರುಮಾಡಿ, ಸೋಮವಾರ ಬಾಗಿಲಲ್ಲೂ ಅದನ್ನೇ ಹಾಡಿ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಕಿಟಕಿ ಬೆನ್ನ ಹಿಂದಿದ್ದರೆ ಅವಳಿಗೆ ಕಾಣುವುದು ಕಪ್ಪು ನೆರಳಷ್ಟೇ.

ಇನ್ನು ಸ್ವಲ್ಪ ದಿನಕ್ಕೆ, ಎಂಟು ಒಂಬತ್ತು ತಿಂಗಳ ಹೊತ್ತಿಗೆ, ನಿಮ್ಮನ್ನು ನೋಡಿಯೂ ಅಮ್ಮನ ಹೆಗಲಿಗೆ ಮುಖ ಹುದುಗಿಸಿ ಅತ್ತಾಳು. ಬೇಸರ ಬೇಡ, ಅದು ಬೆಳವಣಿಗೆ. ಬಂದ ಕೂಡಲೇ ಕಿತ್ತುಕೊಳ್ಳಬೇಡಿ. ಹತ್ತು ನಿಮಿಷ ಅಮ್ಮನೂ ನೆಲದ ಮೇಲೆ ಕೂರಲಿ, ಅವಳಾಗಿ ನಿಮ್ಮ ಕಡೆ ಬರಲಿ. ಅಮ್ಮ ಕಣ್ಣುತಪ್ಪಿಸಿ ಜಾರಿಕೊಳ್ಳದೆ ಟಾಟಾ ಹೇಳಿಯೇ ಹೊರಡಬೇಕು.

ಹೊಸಅಜ್ಜಿ:
ಎಲ್ಲರಿಗೂ ಧನ್ಯವಾದ. ಮಾತ್ರೆ ಡಬ್ಬಿಯ ವಿಷಯ ಹೊಳೆದೇ ಇರಲಿಲ್ಲ. ಇನ್ನೊಂದು ಪ್ರಶ್ನೆ: ಮೊದಲ ಅಂಬೆಗಾಲು ನನ್ನೆದುರೇ ಇಟ್ಟರೆ ಮಗಳಿಗೆ ಹೇಳಲೇ?

ನೆಲದಾಟ:
ಹೇಳಬೇಡಿ. ಮನೆಯಲ್ಲಿ ಅವಳು ನೋಡಿದಾಗ ಅದೇ ಮೊದಲನೆಯದು.

ದೂರದಜ್ಜಿ:
ನಾನು ಒಪ್ಪುವುದಿಲ್ಲ. ಮಗು ಚಲಿಸತೊಡಗಿದ್ದು ತಿಳಿಯದಿದ್ದರೆ ಅಪ್ಪ ಅಮ್ಮ ಮೆಟ್ಟಿಲಿಗೆ ಗೇಟು ಹಾಕುವುದು ಹೇಗೆ? ಈಗಲೇ ಮಗಳನ್ನೇ ಕೇಳಿಬಿಡಿ: 'ಕೂಡಲೇ ಹೇಳಲೋ, ನೀನೇ ನೋಡುವವರೆಗೆ ಕಾಯಲೋ?' ಕಾಯಿ ಅಂದರೆ, 'ಇವತ್ತಿನಿಂದ ಗೇಟು ಹಾಕಿ' ಎಂದಷ್ಟೇ ಹೇಳಿ. ಒಂದು ಸಣ್ಣ ಪುಸ್ತಕವನ್ನೂ ಇಡಿ. ಎಷ್ಟೊತ್ತಿಗೆ ಮಲಗಿದಳು, ಎಷ್ಟು ಹಾಲು ಕುಡಿದಳು, ಎಷ್ಟು ಡೈಪರ್ ಒದ್ದೆಯಾಯಿತು ಎಂಬುದು ಎಡಪುಟದಲ್ಲಿ, ಅದು ಮಗಳಿಗೆ. ಬಲಪುಟ ನಿಮ್ಮದು. ಇವತ್ತು ಯಾವುದಕ್ಕೆ ನಕ್ಕಳು ಎಂದು ಒಂದೇ ಸಾಲು ಬರೆದಿಡಿ.